ಗಿಣ್ಣು ಹೊತ್ತು ಮಾರಿಕುಪ್ಪಂಗೆ

ಬೂದಿಕೋಟೆಯಿಂದ ಬಂಗಾರಪೇಟೆಗೆ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅಲ್ಲಿಂದ ಮಾರಿಕುಪ್ಪಂಗೆ ರೈಲು, ತಲಾ ಹತ್ತು ರೂಪಾಯಿ. ಅಮ್ಮನ ಮಡಿಲಲ್ಲಿ ಸ್ಟೀಲ್ ಡಬ್ಬಿ, ಅದರೊಳಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು. ಹಸು ಈಯಲು ಕಷ್ಟಪಟ್ಟ ದಿನ ಅಮ್ಮ ಮಾರಿಕುಪ್ಪಂ ದರ್ಗಾಕ್ಕೆ ಹರಕೆ ಹೊತ್ತಿದ್ದಳು. ಕರು ಬದುಕಿತ್ತು. ಅಜ್ಜಿಯ ಕಾಲದಿಂದ ನಮ್ಮ ಮನೆಯ ಮೊದಲ ಗಿಣ್ಣು ಅಲ್ಲಿಗೇ.

ಇಳಿದಾಗ ಬಿಸಿಲು ಏರಿತ್ತು. ನಿಲ್ದಾಣದ ಹೊರಗೆ ನಾಲ್ವರು ಅಡ್ಡ ನಿಂತರು. ಮುಂದಿದ್ದವನು ಮಂಜ, ಡಿಗ್ರಿಯಲ್ಲಿ ನನ್ನ ಸಹಪಾಠಿ.

"ಕುಂಕುಮ ಇಕ್ಕೊಂಡು ದರ್ಗಾಗೆ ಓಗ್ತೀರಾ? ಇದೆಲ್ಲಾ ನಮ್ಮಲ್ಲಿ ಇಲ್ಲಮ್ಮಾ."

"ಅಸು ಒದ್ದಾಡೋವಾಗ ನೀನೆಲ್ಲಿದ್ದೆಲಾ?" ಎಂದಳು ಅಮ್ಮ.

ಒಬ್ಬ ನನ್ನ ಮಣಿಕಟ್ಟು ಹಿಡಿದು ತಿರುಚಿದ. ಇನ್ನೊಬ್ಬ ಡಬ್ಬಿಗೆ ಹೊಡೆದ. ಅರ್ಧ ಗಿಣ್ಣು ಮಣ್ಣಿಗೆ ಬಿತ್ತು. ಮಂಜ ಫೋನಿನಲ್ಲಿ ವಿಡಿಯೋ ತೆಗೆಯುತ್ತಲೇ ಇದ್ದ. "ಏಯ್, ವಿಡುಡಾ, ಬಿಡ್ರೋ! ಎಂಗಸ್ರ ಮ್ಯಾಲೆ ಕೈ ಮಾಡ್ತೀರಾ?" ಎಂದು ಆಟೋದವರೊಬ್ಬರು ಓಡಿ ಬಂದ ಮೇಲೆ ಬಿಟ್ಟರು. ಬರೆಯುವಾಗ ಆ ಹಿಡಿತ ಈಗಲೂ ಕೈಯಲ್ಲಿದೆ.

ದರ್ಗಾದಲ್ಲಿ, ಅದನ್ನು ನೋಡಿಕೊಳ್ಳುವ ತಾತನ ಅಳಿಯ ಬಾಗಿಲಲ್ಲೇ ತಡೆದ. ಗಲ್ಫಿನಿಂದ ಬಂದು ಒಂದು ವರ್ಷವಂತೆ. "ಇದೆಲ್ಲಾ ನಮ್ಮಲ್ಲಿ ಇಲ್ಲ, ವಾಪಸ್ ತಗೊಂಡೋಗಿ" ಎಂದ. ಅದೇ ಮಾತು! ತಾತ ಅಳಿಯನನ್ನು ಸರಿಸಿ, ಒಂದು ತುಂಡು ಬಾಯಿಗೆ ಹಾಕಿಕೊಂಡರು.

"ಬೆಲ್ಲ ಕಮ್ಮಿ ಆಯ್ತಲ್ಲಮ್ಮಾ."

"ಸಕ್ಕರೆ ಕಾಯ್ಲೆಯೋರು ಮಾತಾಡಬಾರ್ದು ತಾತ" ಎಂದಳು ಅಮ್ಮ.

ಎರಡೂ ಕಡೆ ಕೇಳಿದ ಆ ಒಂದೇ ಮಾತಿಗೆ ಎಂ.ಎ. ಸಮಾಜಶಾಸ್ತ್ರದಲ್ಲಿ ವಿವರಣೆ ಓದಿದ್ದೆ. ಕೆಲಸ, ಊರು, ನಂಟು ಸಡಿಲವಾದಾಗ ಮನುಷ್ಯ ಬಿಗಿಯಾದ ಗೆರೆಯೊಂದನ್ನು ಹುಡುಕುತ್ತಾನೆ. ಎಲ್ಲಿಂದಲೋ ಫೋನಿಗೆ ಬರುವ ಶುದ್ಧ ಧರ್ಮದಲ್ಲಿ ಅಜ್ಜಿಯ ಹರಕೆಗೆ ಜಾಗವಿಲ್ಲ. ಮಂಜನ ಅಪ್ಪ ದುಡಿಯುತ್ತಿದ್ದ ಚಿನ್ನದ ಗಣಿ ಮುಚ್ಚಿತು. ಮಂಜನಿಗೆ ಕಾರ್ಖಾನೆಯಲ್ಲಿ ಆರು ತಿಂಗಳ ಗುತ್ತಿಗೆ ಕೆಲಸ. ತಾತನ ಅಳಿಯ ಪರದೇಶದಲ್ಲಿ ಹನ್ನೆರಡು ಜನರ ಕೋಣೆಯಲ್ಲಿ ಮಲಗಿದವನು. ಇಬ್ಬರನ್ನೂ ಹೆಸರು ಹಿಡಿದು ಕರೆದದ್ದು ಅವರವರ ಧರ್ಮದ ಗುಂಪು ಮಾತ್ರ. ಅರ್ಥವಾಗುತ್ತದೆ. ಒಪ್ಪುವುದಿಲ್ಲ.

ವಾಪಸು ಆಟೋದಲ್ಲಿ ಹೋಗೋಣವೆಂದೆ. "ಬಂದ ದಾರೀಲೇ ಓಗೋದು" ಎಂದು ಅಮ್ಮ ನಡೆದೇಬಿಟ್ಟಳು.

ಪ್ಲಾಟ್‌ಫಾರಂನಲ್ಲಿ ಆ ನಾಲ್ವರೇ ಇದ್ದರು. ಅಮ್ಮ ಡಬ್ಬಿ ತೆರೆದು, ಉಳಿದಿದ್ದ ತುಂಡನ್ನು ಮಂಜನ ಮುಂದೆ ಹಿಡಿದಳು. "ತಿಂತೀಯಾ?" ಅವನು ಮುಟ್ಟಲಿಲ್ಲ. ಮತ್ತೆ ಫೋನು ಎತ್ತಿದ.

ನಾನು ಅದರ ಕ್ಯಾಮೆರಾ ಕಣ್ಣಿಗೆ ಕಣ್ಣಿಟ್ಟು ಹೇಳಿದೆ: "ನನ್ನ ಹೆಸರು ಸುಧಾ, ಬೂದಿಕೋಟೆಯವಳು. ಗಿಣ್ಣು ಕೊಟ್ಟು ಬಂದ್ವಿ. ಮುಂದಿನ ಕರುಗೂ ಬರ್ತೀವಿ. ವಿಡಿಯೋ ಆಕ್ಕೋ, ಎಲ್ಲರೂ ನೋಡ್ಲಿ."

ರೈಲು ಹೊರಟಿತು. ಕಿಟಕಿಯಿಂದ ಹಿಂತಿರುಗಿ ನೋಡಿದೆ. ಫೋನು ಎತ್ತಿಯೇ ಇತ್ತು. ಅದು ಚಿಕ್ಕದಾಗಿ ಕಾಣದಾಗುವವರೆಗೂ ನಾನು ಮುಖ ತಿರುಗಿಸಲಿಲ್ಲ.