ಹಳೇ ಫ್ರಿಜ್ಜಿನ ಕಾವಕ್ಕ

ಬೆಳಗಿನ ಐದೂವರೆ. ಕಾವಕ್ಕ ಹಿಂದಿನ ಕೋಣೆಯ ಬಾಗಿಲನ್ನು ಮೊಣಕೈಯಿಂದ ತಳ್ಳಿ ಒಳಗೆ ಬರುತ್ತಾರೆ. ಕೈ ಈಗಷ್ಟೇ ತೊಳೆದದ್ದು, ಚಿಲಕ ಮುಟ್ಟುವಂತಿಲ್ಲ. ಮೂಲೆಯಲ್ಲಿ ಹಳೇ ಫ್ರಿಜ್ಜೊಂದು ನಿಂತಿದೆ. ಅದು ತಂಪು ಮಾಡುವುದನ್ನು ಮರೆತು ಯಾವ ಕಾಲವಾಯಿತೋ. ಈಗ ಅದರ ಹೊಟ್ಟೆಯಲ್ಲಿ ಎರಡು ಬಲ್ಬು, ಒಂದು ಬಟ್ಟಲು ನೀರು, ಒಂದು ಥರ್ಮಾಮೀಟರು. ಒಂದು ಬಾತುಮೊಟ್ಟೆಯನ್ನು ಎತ್ತಿ, ಕಣ್ಣು ಮುಚ್ಚಿ, ರೆಪ್ಪೆಗೆ ತಾಗಿಸಿಕೊಳ್ಳುತ್ತಾರೆ. ಥರ್ಮಾಮೀಟರು ಸುಳ್ಳು ಹೇಳಿದರೂ ರೆಪ್ಪೆ ಹೇಳುವುದಿಲ್ಲವಂತೆ. ಆಮೇಲೆ ಒಂದೊಂದಾಗಿ ಮಗ್ಗುಲು ಬದಲಿಸುತ್ತಾರೆ. ಒಂದು ಕಡೆ ಪೆನ್ಸಿಲ್ಲಿನ ಗುಣಿಸು ಗುರುತು, ಇನ್ನೊಂದು ಕಡೆ ಸೊನ್ನೆ. ಈಗ ಸೊನ್ನೆ ಕೆಳಗೆ ಹೋಯಿತು.

ಕೆಲಸ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಮೂವತ್ತು ಮೊಟ್ಟೆ ಹಿಡಿಸುವ ತಟ್ಟೆಗಳಲ್ಲಿ ಇವತ್ತು ಇರುವುದು ಆರೇ ಆರು. ಅಷ್ಟರಲ್ಲಿ ಗೋಡೆಯಾಚೆಯಿಂದ ಚೀಂವ್ ಚೀಂವ್ ಎಂದು ಬಾತುಮರಿಗಳ ಗದ್ದಲ ಏಳುತ್ತದೆ. ಗೋಡೆಯಾಚೆ ಇರುವುದು ಬೇರೆ ಯಾರೂ ಅಲ್ಲ, ಒಡಹುಟ್ಟಿದ ತಂಗಿ. ಕಾವಕ್ಕ ಫ್ರಿಜ್ಜಿನ ಬಾಗಿಲನ್ನು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಹಾಕುತ್ತಾರೆ.

"ಹೊಟ್ಟೆ ಉರಿಯತ್ತೆ," ಎನ್ನುತ್ತಾರೆ. "ಸುಳ್ಳು ಯಾಕೆ ಹೇಳ್ಲಿ? ಪೇಪರಿನೋರು ಬಂದಿದ್ದಾರೆ ಅಂತ ಹಲ್ಲು ಕಿರ್ಕೊಂಡು ಕೂರೋಕೆ ನನ್ನಿಂದ ಆಗಲ್ಲ."

ಇಪ್ಪತ್ತೆರಡು ವರ್ಷದಿಂದ ಕಾವಕ್ಕನ ಕೆಲಸ ಇದೊಂದೇ, ಬೇರೆಯವರ ಬಾತುಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಕೊಡುವುದು. ಊರಾಚೆ ದೊಡ್ಡ ಕೊಳ ಇಟ್ಟುಕೊಂಡ ಯಜಮಾನಿಯೊಬ್ಬರಿದ್ದಾರೆ. ಅವರ ಬಾತುಗಳು ಮಹಾ ಸೋಮಾರಿಗಳು. ಮೊಟ್ಟೆ ಇಟ್ಟು, ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಎದ್ದು ಹೋಗುತ್ತವೆ. ಆ ಮೊಟ್ಟೆಗಳೆಲ್ಲ ಇಷ್ಟು ವರ್ಷ ಬಂದದ್ದು ಈ ಫ್ರಿಜ್ಜಿಗೇ. ಮರಿ ಹೊರಬರಲು ಇಪ್ಪತ್ತೆಂಟು ದಿನ. ದಿನಕ್ಕೆ ಐದು ಸಲ ಮಗ್ಗುಲು ಬದಲಿಸಬೇಕು. ಒಂದು ಸಲ ಕಾಲು ಗಂಟೆ ಆರಲು ಬಿಟ್ಟು, ಉಗುರುಬೆಚ್ಚನೆ ನೀರು ಚಿಮುಕಿಸಬೇಕು. ತಾಯಿ ಬಾತು ಈಜಿ ಬಂದು ಒದ್ದೆ ಹೊಟ್ಟೆಯಲ್ಲಿ ಕೂತ ಹಾಗೆ. ಕರೆಂಟು ಹೋದರೆ ಬಿಸಿನೀರಿನ ಬಾಟಲಿ, ಕಂಬಳಿ ಎಂದು ಮನೆಯೆಲ್ಲ ಓಡಾಟ. ಇದೇ ತಂಗಿಯ ಮದುವೆಯಲ್ಲಿ ಕಾವಕ್ಕ ಊಟದ ಮಧ್ಯೆ ಎದ್ದು, ಮಗ್ಗುಲು ಬದಲಿಸಲು ಮನೆಗೆ ಓಡಿ ಬಂದಿದ್ದರು. ತಂಗಿ ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಸೈಕಲ್ ರಿಪೇರಿ ಮಾಡುವ ಗಂಡನದ್ದು ಇನ್ನೊಂದು ದೂರು. ಫ್ರಿಜ್ಜಿಗೆ ಬಲ್ಬು ಜೋಡಿಸಿಕೊಟ್ಟದ್ದು ಅವರೇ, ಈಗ ಅದರ ಮೇಲೆ ಕಣ್ಣು ಕೆಂಪು ಮಾಡುವವರೂ ಅವರೇ. "ನಂಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದು ಒಂದು ಸಲ. ಆ ಮೊಟ್ಟೆಗಳನ್ನ ಐದು ಸಲ ಮುಟ್ತಾಳೆ," ಎಂದು ಚಹಾ ಹೀರುತ್ತಾರೆ.

ಕೊನೆಯ ಮೂರು ದಿನ ಮಾತ್ರ ಕಾವಕ್ಕ ಬಾಗಿಲನ್ನೇ ತೆರೆಯುವುದಿಲ್ಲ, ಅದಕ್ಕೆ ಕೂರಿಸಿದ ಗಾಜಿನ ಕಿಂಡಿಯಿಂದ ನೋಡುತ್ತಾರೆ ಅಷ್ಟೆ. ಮರಿ ಒಳಗಿನಿಂದ ಕುಕ್ಕಿ ಚಿಪ್ಪಿಗೆ ಮೊದಲ ತೂತು ಮಾಡಿದ ಮೇಲೆ ಪೂರ್ತಿ ಒಂದು ದಿನ ಸುಮ್ಮನಿರಬೇಕು. ಆ ಹೊತ್ತಿನಲ್ಲಿ ಮರಿಯ ರಕ್ತ ಇನ್ನೂ ಚಿಪ್ಪಿನೊಳಗಿನ ಪೊರೆಯಲ್ಲೇ ಓಡಾಡುತ್ತಿರುತ್ತದೆ. ಅದನ್ನು ಮರಿ ನಿಧಾನಕ್ಕೆ ತನ್ನೊಳಗೆ ಎಳೆದುಕೊಳ್ಳಬೇಕು. ಪಾಪ ಎಂದು ಯಾರಾದರೂ ಚಿಪ್ಪು ಬಿಡಿಸಲು ಹೋದರೆ ಕಥೆ ಮುಗಿಯಿತು. ಮೊಟ್ಟೆ ತಂದವರಿಗೆಲ್ಲ ಕಾವಕ್ಕ ಇದನ್ನು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಾರೆ.

ತಂಗಿ ಈ ವಿದ್ಯೆಯನ್ನೆಲ್ಲ ಕಲಿತದ್ದು ಇದೇ ಕೋಣೆಯಲ್ಲಿ, ಇದೇ ಮಣೆಯ ಮೇಲೆ ಕೂತು. ಹೋದ ವರ್ಷ ಅವಳು ಮಷಿನ್ ತಂದಳು. ಅದು ತಾನೇ ಮೊಟ್ಟೆ ತಿರುಗಿಸುತ್ತದೆ, ತಾನೇ ನೀರಿನ ಹದ ನೋಡುತ್ತದೆ, ಕೆಂಪು ಅಂಕಿಯಲ್ಲಿ ಶಾಖ ತೋರಿಸುತ್ತದೆ. ತಂಗಿ ಹಾಯಾಗಿ ನಿದ್ದೆ ಹೊಡೆಯುತ್ತಾಳೆ, ಮದುವೆ ಮನೆಗಳಲ್ಲಿ ಕೊನೆಯ ಪಂಕ್ತಿಯವರೆಗೂ ಇರುತ್ತಾಳೆ. ಕಾವಕ್ಕನಿಗೆ ಅದನ್ನು ನೋಡಿ ನೋಡಿ ಮೈಯೆಲ್ಲ ಉರಿ.

ಈ ಸಲ ಕೊಳದ ಯಜಮಾನಿ ಇಬ್ಬರಿಗೂ ಹನ್ನೆರಡು ಹನ್ನೆರಡು ಮೊಟ್ಟೆ ಕೊಟ್ಟು ಪರೀಕ್ಷೆ ಇಟ್ಟರು. ಯಾರ ಕಡೆ ಮರಿ ಹೆಚ್ಚೋ ಮುಂದಿನ ಮೊಟ್ಟೆಗಳೆಲ್ಲ ಅವರಿಗೇ. ತಂಗಿಯ ಮಷಿನ್ ಹನ್ನೊಂದು ಮರಿ ಕೊಟ್ಟಿತು, ಕಾವಕ್ಕನ ಫ್ರಿಜ್ಜು ಹತ್ತು. ಎರಡು ಗೊಡ್ಡು ಮೊಟ್ಟೆ ಇದ್ದವು ಎಂದು ಕಾವಕ್ಕ ಯಜಮಾನಿಗೂ ಹೇಳಿದರು, ತಂಗಿಗೂ ಹೇಳಿದರು. ಮುಂದಿನ ಮೂವತ್ತು ಮೊಟ್ಟೆ ಗೋಡೆಯಾಚೆಗೆ ಹೋದವು. ಆ ಮರಿಗಳೇ ನಿನ್ನೆಯಿಂದ ಕೂಗುತ್ತಿರುವುದು.

ಹಿಂದಿನ ಬಾಗಿಲು ತಳ್ಳಿಕೊಂಡು ತಂಗಿಯೇ ಬರುತ್ತಾಳೆ. ತಲೆ ಬಾಚಿಲ್ಲ, ಕೈಯಲ್ಲಿ ಸಣ್ಣ ಚಿಮಟ. ಇಪ್ಪತ್ತೆಂಟು ಮರಿ ಬಂದಿವೆಯಂತೆ, ಒಂದು ಮೊಟ್ಟೆ ಗೊಡ್ಡಂತೆ. ಉಳಿದ ಒಂದಕ್ಕೆ ನಿನ್ನೆ ಮಧ್ಯಾಹ್ನ ತೂತು ಬಿದ್ದದ್ದು ಹಾಗೇ ನಿಂತುಬಿಟ್ಟಿದೆ.

"ಒಳಗೆ ಸುಸ್ತಾಗಿದೆ ಅನ್ಸತ್ತೆ ಅಕ್ಕಾ. ಬಿಡಿಸಿಬಿಡ್ಲಾ?"

ಕಾವಕ್ಕ ಒಂದು 'ಹೂಂ' ಎಂದರೆ ಸಾಕು, ಗೋಡೆಯಾಚೆಯ ಲೆಕ್ಕದಲ್ಲಿ ಒಂದು ಕಮ್ಮಿ. ಮಷಿನ್ನಿನ ಹೆಚ್ಚುಗಾರಿಕೆಗೆ ಒಂದು ಮಸಿ. ಆ ಆಸೆ ಅವರ ಮುಖದ ಮೇಲೆ ಬಂದು ಹೋಗುವುದು ಎದುರಿಗೆ ಕೂತವರಿಗೂ ಕಾಣುತ್ತದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ, ಒಣಗಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಾರೆ.

"ಮುಟ್ಬೇಡ," ಎನ್ನುತ್ತಾರೆ ಕೊನೆಗೆ.

"ಸತ್ತೋದ್ರೆ?"

"ಮುಟ್ಟಿದ್ರೇ ಸಾಯೋದು. ನಂಗೊತ್ತು. ನಾನೇ ಒಂದನ್ನ ಕೊಂದಿದ್ದೀನಿ."

ತಂಗಿ ಮಣೆಯ ಮೇಲೆ ಕೂರುತ್ತಾಳೆ. ಕಾವಕ್ಕ ಆಕೆಯ ಮುಖ ನೋಡದೆ ಹೇಳುತ್ತಾರೆ. ಪರೀಕ್ಷೆಯ ಇಪ್ಪತ್ತೇಳನೇ ದಿನದ ಸಂಜೆ ಗೋಡೆಯಾಚೆ ಮೊದಲ ಮರಿ ಕೂಗಿತು. ಹಿಂದೆಯೇ ಎರಡನೆಯದು, ಮೂರನೆಯದು. ಫ್ರಿಜ್ಜಿನಲ್ಲಿ ಒಂದೇ ಒಂದು ಮೊಟ್ಟೆಗೆ ತೂತು ಬಿದ್ದಿತ್ತು, ಅದೂ ಆಗತಾನೆ. "ನಿಂದು ಕೂಗ್ತಿತ್ತು, ನಂದು ಸುಮ್ನಿತ್ತು. ತಡ್ಕೊಳ್ಳೋಕಾಗ್ಲಿಲ್ಲ ಕಣೇ. ಇಪ್ಪತ್ತೆರಡು ವರ್ಷ ಬೇರೆಯವ್ರಿಗೆ ಬುದ್ಧಿ ಹೇಳಿದೋಳು ನಾನೇ ಚಿಮಟ ಹಿಡ್ಕೊಂಡೆ." ಮೂರನೇ ಚೂರು ಎತ್ತಿದಾಗ ಪೊರೆಯಿಂದ ಕೆಂಪಗೆ ಜಿನುಗಿತಂತೆ. ಮರಿ ಅಂಗೈಯಲ್ಲಿ ಎರಡು ಸಲ ಕೊಕ್ಕು ತೆರೆಯಿತು, ಆಮೇಲೆ ತೆರೆಯಲಿಲ್ಲ. ಅದನ್ನು ಗುಲಾಬಿ ಕುಂಡದ ಬುಡದಲ್ಲಿ ಹೂತು, ಗೊಡ್ಡು ಮೊಟ್ಟೆ ಎಂದು ಊರಿಗೆಲ್ಲ ಹೇಳಿದ್ದರು.

ತಂಗಿ ಚಿಮಟವನ್ನು ಫ್ರಿಜ್ಜಿನ ತಲೆಯ ಮೇಲೆ ಇಟ್ಟು, ಅಕ್ಕನ ಮೊಣಕೈ ಹಿಡಿದು ತನ್ನ ಮನೆಗೆ ಕರೆದೊಯ್ಯುತ್ತಾಳೆ. ಮಷಿನ್ ಬಂದ ಮೇಲೆ ಕಾವಕ್ಕ ಆ ಹೊಸಿಲು ದಾಟುತ್ತಿರುವುದು ಇದೇ ಮೊದಲು.

ಇಬ್ಬರೂ ಮಷಿನ್ನಿನ ಗಾಜಿನ ಮುಂದೆ ಕೂರುತ್ತಾರೆ. ಮಧ್ಯೆ ಕಾವಕ್ಕ ಒಮ್ಮೆ ಎದ್ದು ತಮ್ಮ ಆರು ಮೊಟ್ಟೆಗಳ ಮಗ್ಗುಲು ಬದಲಿಸಿ ಬರುತ್ತಾರೆ. ತಂಗಿಯ ಕೈ ಎರಡು ಸಲ ಮುಚ್ಚಳದ ಕಡೆ ಹೋಗುತ್ತದೆ, ಎರಡು ಸಲವೂ ಅಕ್ಕನ ಏಟು ಬೀಳುತ್ತದೆ. ಹನ್ನೆರಡರ ಹೊತ್ತಿಗೆ ಚಿಪ್ಪಿನ ಸುತ್ತ ಬಿರುಕು ಓಡತೊಡಗುತ್ತದೆ. ಒಂದೂ ಮುಕ್ಕಾಲಿಗೆ ಮೇಲಿನ ಟೋಪಿ ಕಳಚಿ, ಒದ್ದೆ ಮುದ್ದೆಯೊಂದು ಉರುಳಿಕೊಂಡು ಈಚೆ ಬರುತ್ತದೆ. ತಲೆ ಎತ್ತುತ್ತದೆ, ದೊಪ್ಪನೆ ಬೀಳುತ್ತದೆ, ಮತ್ತೆ ಎತ್ತುತ್ತದೆ.

ಆಸೆ ಏನಿದೆ ಎಂದು ಕೇಳಿದರೆ ಕಾವಕ್ಕ ಯೋಚಿಸುವುದೇ ಇಲ್ಲ. ಕೊಳದ ಯಜಮಾನಿಗೆ ಇವತ್ತೇ ನಿಜ ಹೇಳಬೇಕು. ಆಮೇಲೂ ಆಕೆಗೆ ಮನಸ್ಸಿದ್ದರೆ ಮುಂದಿನ ಮೂವತ್ತೂ ತಮ್ಮ ಫ್ರಿಜ್ಜಿಗೇ ಬರಲಿ, ಒಂದೂ ಗೋಡೆಯಾಚೆ ಹೋಗದಿರಲಿ. ತಂಗಿ ಪಕ್ಕದಲ್ಲೇ ಕೂತು ಕೇಳುತ್ತಿದ್ದಾಳೆ ಎಂಬ ಸಂಕೋಚವೂ ಇಲ್ಲ.

"ಆ ಇಪ್ಪತ್ತೆಂಟು ಇವಳ ಮಷಿನ್ನಿಂದು, ಇರ್ಲಿ," ಎಂದು ಗಾಜಿಗೆ ಬೆರಳು ತೋರಿಸುತ್ತಾರೆ. "ಅದೊಂದು ಮಾತ್ರ ನಂದು. ಅದನ್ನ ನಾನು ಮುಟ್ಟಲೇ ಇಲ್ಲ."