ತಲೆಯ ಮೇಲಿನ ಚಿರತೆ

ಗಜೇಂದ್ರಗಡದ ಇಸ್ಮಾಯಿಲಸಾಬ ತೊಟ್ಟಿಲಿಗೂ ಬಾಗಿಲಿಗೂ ಬಣ್ಣ ಹಾಕಿ ಬದುಕುವವನು. ಗಿಳಿ, ನವಿಲು, ಹೂಬಳ್ಳಿ ಅವನ ಕೈಗೆ ಸಲೀಸು. ಆದರೆ ಹತ್ತಿ ವ್ಯಾಪಾರಿ ಅಂದಾನೆಪ್ಪನ ಪಡಸಾಲೆಯ ಗೋಡೆಗೆ ಬರೆದ ಚಿರತೆಯನ್ನು ಕಂಡು ಮನೆಗೆ ಬಂದ ಬೀಗರು ನಕ್ಕರು.

"ಇದು ಹಾಲ ಕುಡಿಯೋ ಬೆಕ್ಕಾತಲ್ಲೋ ಇಸ್ಮಾಯಿಲ," ಎಂದ ಅಂದಾನೆಪ್ಪ. "ಥಂಡಿ ದಿನದಾಗ ಗುಡ್ಡದ ಮ್ಯಾಲ ಅದು ಹ್ಯಾಂಗ ಇರತೈತಿ, ಹಂಗ ಬರಿ. ಹೋಗಿ ನೋಡಿ ಬಾ."

ನರಗುಂದದ ದಂಗೆ ಅಡಗಿ ಏಳು ತಿಂಗಳಾಗಿತ್ತು. ಬ್ರಿಟಿಷ್ ಸರಕಾರದವರು ಊರೂರಿನ ಬಂದೂಕು, ಕತ್ತಿಗಳನ್ನೆಲ್ಲ ಹೇರಿಕೊಂಡು ಹೋಗಿದ್ದರು. ಬೆದರಿಸುವವರಿಲ್ಲದೆ ಚಿರತೆಗಳು ಹಾಡಹಗಲೇ ಕೆಳಗಿಳಿಯುತ್ತಿದ್ದವು. ಲಕ್ಕಲಕಟ್ಟಿಯ ಕಡೆ ಸೌದೆಗೆ ಹೋದ ಹೆಂಗಸೊಬ್ಬಳ ಸೀರೆ ಮಾತ್ರ ಸಿಕ್ಕಿತ್ತು.

"ಬೆಕ್ಕಂದ್ರ ಬೆಕ್ಕ ಅನ್ಲಿ. ಹೋಗಬ್ಯಾಡ್ರಿ," ಎಂದಳು ಹೆಂಡತಿ ಮೈಮುನಬಿ. ಬೀಗರ ನಗು ಅವನ ಕಿವಿಯಿಂದ ಇಳಿದಿರಲಿಲ್ಲ. ಕಾಗದ, ಇದ್ದಿಲು, ಒಂದು ಕೋಲು ಹಿಡಿದು ಹೊರಟ.

ಆಡು ಕಾಯುವ ಕಳಕಪ್ಪ ಜಾಗ ತೋರಿಸಿದ. "ಬಿಸಲೇರಿದ ಮ್ಯಾಲ ಕಣಿವಿ ಆಚಿ ಬಂಡಿಗಲ್ಲಿನ ಮ್ಯಾಲ ಬಂದು ಮೈ ಕಾಸ್ಕೋತೈತ್ರಿ. ನೀವು ಈಚಿ ಸಂದಿನ್ಯಾಗ ಕುಂದರ್ರಿ. ಅಲ್ಲಾಡಬ್ಯಾಡ್ರಿ." ಅಷ್ಟು ಹೇಳಿ ಆಡುಗಳನ್ನು ದೂರಕ್ಕೆ ಹೊಡೆದುಕೊಂಡು ಹೋದ.

ಇಬ್ಬನಿಗೆ ಒಣಹುಲ್ಲು ತೊಯ್ದು ಬಿದ್ದಿತ್ತು. ಇಸ್ಮಾಯಿಲಸಾಬ ಎದುರಿನ ಬಂಡೆಯ ಮೇಲಿಂದ ಕಣ್ಣು ಕೀಳದೆ ಕುಳಿತ. ಬಿಸಿಲು ಬಂತು, ಚಿರತೆ ಬರಲಿಲ್ಲ. ಅಷ್ಟರಲ್ಲಿ ಅವನ ಕಾಗದದ ಮೇಲೆ ನಾಲ್ಕು ಹರಳು ಉದುರಿದವು. ಕೊಳೆತ ಮಾಂಸದ ವಾಸನೆ ಮೂಗಿಗೆ ಅಡರಿತು. ತಲೆಯ ಮೇಲೆ ಚಾಚಿಕೊಂಡಿದ್ದ ಕಲ್ಲಿನ ಅಂಚಿನಿಂದ ಒಂದು ಬಾಲ ಕೆಳಗೆ ಜೋತುಬಿತ್ತು.

ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಬಾಲದ ತುದಿ ಮಾತ್ರ ಅತ್ತಿತ್ತ ಆಡುತ್ತಿತ್ತು. ಬಳಿಕ ಒಂದು ಪಂಜವೂ ಇಳಿಬಿತ್ತು. ಉಗುರು ಹೊರಬಂತು, ಒಳಹೋಯಿತು.

ಅವನ ಪಾಯಜಾಮ ಒದ್ದೆಯಾಯಿತು. ಕೆಮ್ಮು ಗಂಟಲಿಗೆ ಬಂದಾಗ ರುಮಾಲಿನ ಸೆರಗನ್ನು ಬಾಯಿಗೆ ತುರುಕಿಕೊಂಡ. ಕೈ ನಡುಗಿ ಕಾಗದ ಸರಸರ ಎನ್ನತೊಡಗಿತು. ಆ ಸಪ್ಪಳ ನಿಲ್ಲಿಸಲು ಕಾಗದವನ್ನು ಮೊಣಕಾಲಿಗೆ ಒತ್ತಿ, ಅದರ ಮೇಲೆ ಇದ್ದಿಲನ್ನು ಬಿಗಿಯಾಗಿ ಊರಿದ. ಊರಿದ ಕೈ ನಿಧಾನವಾಗಿ ಬಾಲವನ್ನು ಬರೆಯಿತು. ನೆರಳು ಕಾಲಬುಡಕ್ಕೆ ಬರುವತನಕ ಅದನ್ನೇ ಬರೆದ.

ಅಷ್ಟು ಹೊತ್ತೂ ಮೇಲಿಂದ ಕೇಳುತ್ತಿದ್ದ ಉಸಿರಾಟದ ಸದ್ದು ನಿಂತಿತು. ಮರುಗಳಿಗೆ ಅವನ ಮುಂದೆಯೇ ಹಳದಿಯ ರಾಶಿಯೊಂದು ಧೊಪ್ಪನೆ ಇಳಿದು ಕಣಿವೆ ಹಾರಿ ಹೋಯಿತು. ಮುಖ ಹೇಗಿತ್ತೆಂದು ಅವನಿಗೆ ತಿಳಿಯಲೇ ಇಲ್ಲ. ಸಂಜೆ ಕಳಕಪ್ಪ ಬಂದು ಕರೆದಾಗಲೂ ಕಾಲು ಏಳಲಿಲ್ಲ. ಹೊತ್ತುಕೊಂಡೇ ಇಳಿಸಬೇಕಾಯಿತು.

ಎಂಟು ದಿನ ಜ್ವರದಲ್ಲಿ ಮಲಗಿ ಎದ್ದು, ಹಳೆಯ ಚಿರತೆಗೆ ಸುಣ್ಣ ಬಳಿದು ಹೊಸದನ್ನು ಬರೆದ. ಗೋಡೆಯ ನೆತ್ತಿಯಲ್ಲಿ ಕಪ್ಪು ಕಲ್ಲಿನ ಅಂಚು, ಅಂಚಿನಿಂದ ಇಳಿದ ಬಾಲ, ಒಂದು ಪಂಜ. ಕೆಳಗೆಲ್ಲ ಒಣಹುಲ್ಲು.

"ಮಾರಿ ಎಲ್ಲೈತೋ?" ಎಂದ ಅಂದಾನೆಪ್ಪ.

"ನಾ ಕಂಡಿದ್ದ ಇಷ್ಟ್ರಿ, ಸಾವ್ಕಾರ್ರ."

ಅಂದಾನೆಪ್ಪನ ಮುದಿ ತಾಯಿ ಮುದುಕವ್ವ ಗೋಡೆಯ ಬುಡದಲ್ಲಿ ಕೌದಿ ಹೊಲಿಯುತ್ತಿದ್ದಳು. ತಲೆಯೆತ್ತಿ ನೋಡಿದವಳು ಕೌದಿ ಸುತ್ತಿಕೊಂಡು ಅಡುಗೆಮನೆಗೆ ಎದ್ದು ಹೋದಳು. ಅಂದಾನೆಪ್ಪ ಅದನ್ನು ಕಂಡು ಇಸ್ಮಾಯಿಲಸಾಬನ ಕೂಲಿ ಎಣಿಸಿ ಕೊಟ್ಟ. ಬೀಗರು ಮತ್ತೆ ಬಂದಾಗ ಯಾರೂ ಆ ಗೋಡೆಗೆ ಒರಗಿ ಕೂರಲಿಲ್ಲ.

ಇಸ್ಮಾಯಿಲಸಾಬ ಇನ್ನೂ ಇಪ್ಪತ್ತು ವರ್ಷ ಬದುಕಿದ. ಮಳೆಗಾಲ ಬಿಟ್ಟರೆ ಉಳಿದೆಲ್ಲ ದಿನ ಅಂಗಳದ ನಡುವೆ, ಬಯಲಿಗೇ ಚಾಪೆ ಹಾಸಿ ತೊಟ್ಟಿಲುಗಳಿಗೆ ಬಣ್ಣ ಹಾಕುತ್ತಿದ್ದ. ಬಿಸಿಲಿಗೆ ಬಣ್ಣ ಬಟ್ಟಲಲ್ಲೇ ಒಣಗಿ ಹೋಗುತ್ತದೆಂದು ಮೈಮುನಬಿ ಎಷ್ಟು ಗೊಣಗಿದರೂ ಸೂರಿನ ಕೆಳಗೆ ಕೂರಲಿಲ್ಲ.