ಶ್ರಾವಣದಲ್ಲಿ ಬಂದ ಬೆಳ್ಳುಳ್ಳಿ ವಾಸನೆ

ಶ್ರಾವಣದಲ್ಲಿ ನಮ್ಮ ಮನೆಯೊಳಗೆ ಬೆಳ್ಳುಳ್ಳಿ ಬರುವುದಿಲ್ಲ. ಆ ವರ್ಷ ಎರಡನೆಯ ಸೋಮವಾರ ನಾನು ಊಟಕ್ಕೆ ಕುಳಿತಾಗ, ರೊಟ್ಟಿ ಬಡಿಸಲು ಬಗ್ಗಿದ ಅವ್ವ ಕೈ ಹಿಂದಕ್ಕೆಳೆದುಕೊಂಡಳು.

“ಡಿಗ್ರಿ ಬಂತು, ದೇವರ ಅಂಜಿಕಿ ಹೋತು. ಯಾವ ಖಾನಾವಳ್ಯಾಗ ಬಳ್ಳೊಳ್ಳಿ ತಿಂದು ಬಂದಿ?”

“ನಾ ತಿಂದಿಲ್ಲ ಬೇ.”

“ಬಾಯಿ ನಾರಾಕತ್ತೈತಿ.”

ಹಲ್ಲುಜ್ಜಿದೆ. ಲವಂಗ ಜಗಿದೆ. ವಾಸನೆ ಹೋಗಲಿಲ್ಲ. ಮುಂದಿನ ದಿನಗಳಲ್ಲಿ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಬೆರಳ ತುದಿಗಳು ಜೋಮು ಹಿಡಿದವು. ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕುವಾಗ ಹೆಬ್ಬೆರಳಿಗೆ ಏನೋ ತಗುಲಿದಂತಾಯಿತು.

ಉಗುರು ಕಳಚಿ ಅಂಗಿಯ ಮೇಲೆ ಬಿದ್ದಿತ್ತು.

ಹುಬ್ಬಳ್ಳಿಯ ಡಾಕ್ಟರು ನನ್ನ ಬಾಯಿ ನೋಡಲು ಬಗ್ಗಿ, ತಟ್ಟನೆ ನಿಂತರು.

“ಬಳ್ಳೊಳ್ಳಿ ತಿಂದೀರೇನು?”

“ಇಲ್ರಿ. ಶ್ರಾವಣರಿ.”

“ತಿನ್ನಲಾರದ ಹೆಂಗ ವಾಸನಿ ಬರತೈತಿ? ಕೆಲಸ ಏನು ಮಾಡ್ತೀರಿ?”

ಕಲಘಟಗಿಯ ಹತ್ತಿರ, ದನಗಳಿಗೆ ಹಾಕುವ ಖನಿಜದ ಪುಡಿ ತಯಾರಿಸುವ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದೇನೆ ಎಂದೆ. ಬೆರೆಸುವ ವಸ್ತುಗಳನ್ನು ಒಂದೊಂದಾಗಿ ಹೇಳುತ್ತ ಸೋಡಿಯಂ ಸೆಲೆನೈಟ್‌ಗೆ ಬಂದಾಗ ಅವರು ಬರೆಯುವುದನ್ನು ನಿಲ್ಲಿಸಿದರು. ಅದು ಬಿಳಿಯ ಪುಡಿ, ವಾಸನೆಯಿಲ್ಲ, ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ದನಕ್ಕೆ ಕಣದಷ್ಟು ಬೇಕು. ಸ್ವಲ್ಪ ಹೆಚ್ಚಾದರೂ ವಿಷ ಎಂದು ಅವರು ಹೇಳಿದಾಗಲೇ ನನಗೆ ತಿಳಿದದ್ದು. ಮೈ ಸೇರಿದ್ದನ್ನು ದೇಹವು ಉಸಿರಿನ ಮೂಲಕ ಹೊರಹಾಕಲು ಯತ್ನಿಸುತ್ತದೆ; ಆ ಉಸಿರೇ ಬೆಳ್ಳುಳ್ಳಿಯಂತೆ ನಾರುತ್ತದೆ. ನಾನು ಅದನ್ನು ಬರಿಗೈಯಿಂದ ದನದ ಹಿಟ್ಟಿನೊಂದಿಗೆ ಕಲಸುತ್ತಿದ್ದೆ. ಅದೇ ಕೈಯಲ್ಲಿ ತಂಬಾಕು ತಿಕ್ಕಿ ಬಾಯಿಗೆ ಹಾಕುತ್ತಿದ್ದೆ. ನಮ್ಮ ಮನೆತನದಲ್ಲಿ ಮೊದಲು ಬಿ.ಎಸ್ಸಿ. ಓದಿದವನು ನಾನು.

“ನಿಮ್ಮ ಜೋಡಿ ಮತ್ಯಾರು ಮುಟ್ತಾರ ಅದನ್ನ?”

ಗಂಗಕ್ಕ.

ಪುಡಿಯನ್ನು ಅರಿವೆಯಲ್ಲಿ ಸೋಸಿ ಕೊಡುತ್ತಿದ್ದವಳು ಆಕೆಯೇ. ಸುಸ್ತು ಎಂದು ಹತ್ತು ದಿನಗಳಿಂದ ಕೆಲಸಕ್ಕೆ ಬಂದಿರಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಆಕೆಯ ಊರಾದ ದೇವಿಕೊಪ್ಪದ ಬಸ್ಸು ಹತ್ತಿದೆ.

ಆಕೆಯ ನಾಲ್ಕು ಬೆರಳಿಗೆ ಅರಿವೆ ಸುತ್ತಿತ್ತು. ಊರಿನ ಡಾಕ್ಟರು ಉಗುರುಸುತ್ತು ಎಂದು ಮುಲಾಮು ಕೊಟ್ಟಿದ್ದರಂತೆ.

“ಬಾಯಿ ವಾಸನಿ ಬರತಿತ್ತೇನು, ಗಂಗಕ್ಕ?”

“ನಮ್ಮನ್ಯಾಗ ದಿನಾ ಬಳ್ಳೊಳ್ಳಿ ಖಾರಾನ ಸಾಹೇಬ್ರ. ಯಾರಿಗೆ ಗೊತ್ತಾಗಬೇಕು?” ಎಂದು ನಕ್ಕಳು. ಆಮೇಲೆ ನಗಲಿಲ್ಲ. “ಬರಿಗೈಲೆ ಮುಟ್ಟಬಹುದೇನ್ರಿ ಅಂತ ನಾ ಕೇಳಿದ್ದೆ. ದನಕ್ಕ ತಿನ್ನಸೂದು, ಏನೂ ಆಗಂಗಿಲ್ಲ ಅಂದ್ರಿ.”

ಹೌದು, ಹಾಗೆಂದಿದ್ದೆ. ಡಬ್ಬಿಯ ಮೇಲಿನ ಇಂಗ್ಲಿಷ್ ಎಚ್ಚರಿಕೆಯನ್ನು ನಾನು ಪೂರ್ತಿ ಓದಿರಲಿಲ್ಲ; ಓದಿಲ್ಲವೆಂದು ಹೇಳಲು ನಾಚಿಕೆಯಾಗಿತ್ತು.

ಇಬ್ಬರೂ ಅಡ್ಮಿಟ್ ಆದೆವು. ಇದಕ್ಕೆ ಬೇರೆ ಮದ್ದಿಲ್ಲ, ಆ ಪುಡಿಯಿಂದ ದೂರವಿದ್ದು ಕಾಯಬೇಕು ಎಂದರು. ನನಗೆ ಹೊಸ ಉಗುರು ಬಂದಿದೆ. ಅದಕ್ಕಾಗಿ ಕೃತಜ್ಞನಾಗಿದ್ದೇನೆ, ಆದರೆ ಗಂಗಕ್ಕನ ಮುಂದೆ ಆ ಮಾತನ್ನು ಆಡಲಾರೆ. ಆಕೆಯ ಬೆರಳುಗಳಿಗೆ ಇನ್ನೂ ಸೂಜಿಯ ಸ್ಪರ್ಶ ತಿಳಿಯುವುದಿಲ್ಲ.

ಮೊನ್ನೆ ಹೋದಾಗ ಕೌದಿಯ ಒಂದು ಸಾಲು ಹೊಲಿದು ತೋರಿಸಿದಳು.

“ಚಲೋ ಬಂದೈತಿ,” ಎಂದೆ.

“ಈಗರ ಖರೇ ಹೇಳ್ರಿ ಸಾಹೇಬ್ರ.”

“ಸೊಟ್ಟ ಆಗೈತಿ, ಗಂಗಕ್ಕ.”

ಆಕೆ ತಲೆಯಾಡಿಸಿ, ಆ ಸಾಲನ್ನು ಬಿಚ್ಚತೊಡಗಿದಳು.